ಮುಖವನ್ನು ತಿದ್ದುವ ವಿದ್ಯೆ

ನಂಜನಗೂಡಿಗೆ ಸಮೀಪದಲ್ಲಿರುವ ನಮ್ಮ ಕಳಲೆಯಲ್ಲಿಯೂ ಸುತ್ತಣ ಗ್ರಾಮಗಳಲ್ಲಿಯೂ ಹಳೆಯ ಮನೆಗಳ ನಡುಮನೆಯನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುವು ಬಾಗಿಲಿನ ಮೇಲ್ಗಡೆ ಮುಂದಕ್ಕೆ ಬಾಗಿದಂತೆ ತೂಗುಹಾಕಿರುವ ಹಿರಿಯರ ಪಟಗಳು. ಮರದ ಕಟ್ಟು, ಒಳಗೆ ನುಗ್ಗಿದ ಧೂಳು, ಪ್ರತಿವರ್ಷದ ಶ್ರಾದ್ಧದಲ್ಲಿ ಗಾಜಿಗೆ ಹಚ್ಚಿದ ಗಂಧದ ಗುರುತು, ಇವುಗಳ ನಡುವೆ ಮಂಕಾದ ಒಂದು ಮುಖ. ಈಚೆಗೆ ಕೆಲವು ವರ್ಷಗಳಿಂದ ಈ ಪಟಗಳು ಒಂದೊಂದಾಗಿ ಗೋಡೆಯಿಂದಿಳಿದು ಗಣಕಯಂತ್ರದ ಮುಂದೆ ಬರುತ್ತಿವೆ. ‘ಫೋಟೋಶಾಪ್ ಮಾಡಿಸುವುದು’ ಎಂಬ ಹೊಸ ಕ್ರಿಯಾಪದವೊಂದು ನಮ್ಮ ಮನೆಮಾತಿನಲ್ಲಿ ಸೇರಿಹೋಗಿದೆ. ಮಾಡಿಸಿದ ಮೇಲೆ ಮರಳಿ ಬರುವ ಮುಖವು ಹೋದ ಮುಖವೇ ಆಗಿರುವುದೋ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಈ ವಿದ್ಯೆಯು ಎಲ್ಲಿಂದ ಬಂದಿತು, ಯಾವುದನ್ನು ತಿದ್ದುವುದಕ್ಕಾಗಿ ಹುಟ್ಟಿತು ಎಂಬುದನ್ನು ವಿಚಾರಿಸಿದಲ್ಲಿ ಆ ಪ್ರಶ್ನೆಗೆ ಸ್ವಲ್ಪಮಟ್ಟಿನ ಉತ್ತರ ದೊರೆತೀತೆಂದು ನಂಬಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಭಾವಚಿತ್ರವನ್ನು ತಿದ್ದುವ ಅಭಿಲಾಷೆಯು ಯಂತ್ರಗಳಿಂದ ಹುಟ್ಟಿದುದಲ್ಲ. ಶಾಕುಂತಲದ ಆರನೆಯ ಅಂಕವನ್ನು ಓದಿದವರು ಸ್ಮರಿಸಿಕೊಳ್ಳಬೇಕು. ದುಷ್ಯಂತನು ಶಕುಂತಲೆಯ ಚಿತ್ರವನ್ನು ತಾನೇ ಬರೆದು, ಸರಿತೋರದ ಭಾಗಗಳನ್ನು ಬದಲಾಯಿಸಿದ್ದಾಯಿತು, ಆದರೂ ಅವಳ ಲಾವಣ್ಯವು ರೇಖೆಗಳಲ್ಲಿ ಅಲ್ಪಸ್ವಲ್ಪ ಮಾತ್ರ ಬಂದಿದೆ ಎಂದು ಹೇಳಿಕೊಳ್ಳುತ್ತಾನೆ. ಅದೇ ಚಿತ್ರದ ಅಂಚಿನಲ್ಲಿ ಬೆವರಿದ ಬೆರಳಿನ ಮಾಸಲು ಗುರುತಿದೆ. ಕೆನ್ನೆಯ ಮೇಲೆ ಅವನ ಕಣ್ಣೀರು ಬಿದ್ದು ಬಣ್ಣವು ಉಬ್ಬಿದೆ. ಆ ಕಲೆಯನ್ನು ಅಳಿಸಬೇಕೆಂಬ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಮಾಲವಿಕಾಗ್ನಿಮಿತ್ರದಲ್ಲಿ ವಿಷಯವು ತಿರುಗುಮುರುಗಾಗಿದೆ. ಅಗ್ನಿಮಿತ್ರನು ಮೊದಲು ಚಿತ್ರವನ್ನು ನೋಡಿ, ಹೆಣ್ಣು ಅಷ್ಟು ಚೆಲುವೆಯಾಗಿರಲಾರಳೆಂದು ಶಂಕಿಸಿದ್ದನು. ಆಕೆಯನ್ನು ರಂಗದ ಮೇಲೆ ಕಂಡೊಡನೆ ಚಿತ್ರಕಾರನ ಸಮಾಧಿಯೇ ಶಿಥಿಲವಾಗಿತ್ತೆಂದು ತೀರ್ಮಾನಿಸಿದನು. ಚಿತ್ರಕಾರರು ಹೆಚ್ಚಿಸಿ ಬರೆಯುತ್ತಾರೆಂಬ ಸಂದೇಹವು ಕಾಳಿದಾಸನ ಕಾಲದ ಪ್ರೇಕ್ಷಕರಿಗೆ ಪರಿಚಿತವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಕಾಮಸೂತ್ರಕ್ಕೆ ಜಯಮಂಗಲವೆಂಬ ವ್ಯಾಖ್ಯಾನವನ್ನು ರಚಿಸಿದ ಯಶೋಧರನು ಚಿತ್ರದ ಆರು ಅಂಗಗಳನ್ನು ಹೇಳುವಾಗ ಲಾವಣ್ಯಯೋಜನವನ್ನೂ ಸಾದೃಶ್ಯವನ್ನೂ ಪಕ್ಕಪಕ್ಕದಲ್ಲಿಯೇ ಇರಿಸಿದ್ದಾನೆ. ಒಂದು ಚೆಲುವನ್ನು ಕೂಡಿಸುವುದು, ಇನ್ನೊಂದು ಹೋಲಿಕೆಯನ್ನು ಕಾಪಾಡುವುದು. ಇವೆರಡರ ನಡುವಣ ಜಗಳವೇ ಮುಂದಿನ ಚರಿತ್ರೆಯೆಲ್ಲವೂ ಎಂದರೆ ಅತಿಶಯೋಕ್ತಿಯಾಗಲಾರದು.

ಈ ಜಗಳಕ್ಕೆ ನಮ್ಮ ಊರಿನದೇ ಒಂದು ನಿದರ್ಶನವುಂಟು. ಮೈಸೂರಿನ ದಳವಾಯಿಗಳ ಮನೆತನವು ಕಳಲೆಯದೆಂಬುದು ಸರ್ವವಿದಿತ. ಆ ವಂಶದ ಕರಾಚೂರಿ ನಂಜರಾಜಯ್ಯನು ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಸರ್ವಾಧಿಕಾರಿಯಾಗಿ ರಾಜ್ಯವನ್ನು ಕೈಯಲ್ಲಿ ಹಿಡಿದಿದ್ದನು. ಅವನ ಆಶ್ರಯದಲ್ಲಿದ್ದ ನರಸಿಂಹಕವಿಯು ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ವಿದ್ಯಾನಾಥನ ಪ್ರತಾಪರುದ್ರೀಯದ ಜಾಡಿನಲ್ಲಿ ಹೊರಟ ಈ ಗ್ರಂಥದಲ್ಲಿ ಲಕ್ಷಣವು ಯಾವುದೇ ಇರಲಿ, ಉದಾಹರಣೆಗೆ ಬರುವ ನಾಯಕನು ನಂಜರಾಜನೇ; ನಾಟಕಲಕ್ಷಣವನ್ನು ತೋರಿಸುವುದಕ್ಕಾಗಿ ಸೇರಿಸಿರುವ ರೂಪಕಕ್ಕೂ ಅವನೇ ನಾಯಕ. ಇನ್ನು ಚರಿತ್ರಕಾರರು ಬರೆದ ಮುಖವನ್ನು ನೋಡಿರಿ. 1752ರಲ್ಲಿ ತಿರುಚಿನಾಪಳ್ಳಿಯು ತನಗೆ ದಕ್ಕುವುದೆಂದು ನಂಬಿ ಮಹಮ್ಮದಾಲಿಯ ಸಹಾಯಕ್ಕೆ ಹೋದವನು, ಕೊಟ್ಟ ಮಾತು ನಡೆಯದೆ, ಬೊಕ್ಕಸವನ್ನು ಬರಿದುಮಾಡಿಕೊಂಡು 1755ರಲ್ಲಿ ಬರಿಗೈಯಲ್ಲಿ ಹಿಂತಿರುಗಿದನು. ಸಂಬಳ ಕಾಣದ ಸೈನಿಕರು ತಿರುಗಿಬಿದ್ದರು. ಹೈದರನ ಏಳಿಗೆಗೆ ದಾರಿಯಾಯಿತು. ಕೊನೆಗೆ ಅವನು ಆ ಹೈದರನ ಸೆರೆಯಲ್ಲಿಯೇ ದಿನ ಕಳೆಯಬೇಕಾಯಿತು. ಕವಿಯ ಮುಖದಲ್ಲಿ ಸುಕ್ಕು ಒಂದೂ ಇಲ್ಲ. ಚರಿತ್ರಕಾರರ ಮುಖದಲ್ಲಿ ಸುಕ್ಕಲ್ಲದೆ ಮತ್ತೊಂದಿಲ್ಲ. ಅವನು ಸ್ವತಃ ಕನ್ನಡದಲ್ಲಿ ಶೈವಗ್ರಂಥಗಳನ್ನು ಬರೆಯಿಸಿ ಬರೆದ ಸಾಹಿತ್ಯಪ್ರಿಯನೆಂಬುದು ಚರಿತ್ರೆಯ ಪುಸ್ತಕಗಳಲ್ಲಿ ಒಂದು ಪಂಕ್ತಿಗೆ ಮುಗಿದುಹೋಗುತ್ತದೆ. ನಮ್ಮ ಅದೃಷ್ಟದಿಂದ ಎರಡೂ ಉಳಿದಿವೆ. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬಹುದು. ಒಂದೇ ಉಳಿದಿದ್ದರೆ?

ಶಿಲ್ಪಿಗಳು ಈ ತೊಡಕನ್ನು ಬೇರೊಂದು ರೀತಿಯಿಂದ ಪರಿಹರಿಸಿಕೊಂಡಿದ್ದರು. ಚಾಮುಂಡಿಬೆಟ್ಟದ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೂವರು ರಾಣಿಯರೊಡನೆ ಕೈಮುಗಿದು ನಿಂತಿರುವ ಭಕ್ತವಿಗ್ರಹಗಳಿವೆ. ಲಕ್ಷಣಶಾಸ್ತ್ರಕ್ಕೆ ಅನುಗುಣವಾದ ಮುಖಗಳು. ಗುರುತಿಗೆ ಪೀಠದ ಮೇಲೆ ಹೆಸರುಗಳು. ಮುಖವು ಶಾಸ್ತ್ರದ ಪಾಲು, ವ್ಯಕ್ತಿಯು ಅಕ್ಷರದ ಪಾಲು.

ಅದೇ ಒಡೆಯರ ಬಾಲ್ಯಕಾಲಕ್ಕೆ ಸೇರಿದ ಒಂದು ಚಿತ್ರವು ಇದಕ್ಕೆ ತೀರ ವಿಲಕ್ಷಣವಾಗಿದೆ. ಪ್ರಕೃತ ವಿಷಯಕ್ಕೆ ಅದು ಬಹು ಮುಖ್ಯವಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳಬೇಕು. ಐರ್ಲೆಂಡಿನ ಚಿತ್ರಕಾರನಾದ ಥಾಮಸ್ ಹಿಕ್ಕಿಯು 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ತೈಲವರ್ಣದಲ್ಲಿ ಬರೆದನು. ಬಹುಕಾಲ ಇವರು ಯಾರೆಂಬುದೇ ತಿಳಿಯದೆ ಇದ್ದಿತು. ಈ ಚಿತ್ರವನ್ನು ಕುರಿತು 2001ರಲ್ಲಿ ಪ್ರಬಂಧವನ್ನು ಪ್ರಕಟಿಸಿದ ನೈಜಲ್ ಚಾನ್ಸಲರ್ ಎಂಬ ಚರಿತ್ರಕಾರರು ಅದನ್ನು ಗೋಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿ ಬರೆಯಿಸಿದುದೆಂದು ವಾದಿಸಿದ್ದಾರೆ. ಅವರ ನಿರ್ಣಯದಂತೆ ಬಲಗಡೆಯವಳು ಬಾಲರಾಜನ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆಯ ಸೆರಗಿನಲ್ಲಿ ಮುಚ್ಚಿರಬೇಕಾದ ಎಡತೋಳನ್ನು ಆಕೆ ತೆರೆದಿಟ್ಟಿರುವುದು ಲಸಿಕೆ ಹಾಕಿದ ಸ್ಥಳವನ್ನು ತೋರಿಸುವುದಕ್ಕಾಗಿ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಆಕೆಯ ಮೂಗಿನ ಕೆಳಗೂ ತುಟಿಯ ಸುತ್ತಲೂ ಕಾಣುವ ಬಣ್ಣಗೇಡು ಹಳೆಯ ಕ್ರಮದಲ್ಲಿ ಸಿಡುಬಿನ ಕೀವನ್ನೇ ಸೋಂಕಿಸಿದುದರ ಗುರುತು. ನಡುವೆ ನಿಂತವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿಯವರು. ಅವರ ಪತಿಯನ್ನು ಸಿಡುಬೇ ಒಯ್ದಿತೆಂದು ಆ ವಿದ್ವಾಂಸರು ಹೇಳುತ್ತಾರೆ. 2007ರಲ್ಲಿ ಈ ಚಿತ್ರವು ಹರಾಜಿಗೆ ಬಂದಿತು.

ರಾಣಿಯ ಮುಖದ ಕಲೆಯನ್ನು ಅಳಿಸಿಬಿಡುವುದು ಹಿಕ್ಕಿಯಂಥ ಕುಶಲನಿಗೆ ಅರೆಗಳಿಗೆಯ ಕೆಲಸ. ಅಳಿಸಲಿಲ್ಲ. ಚಾನ್ಸಲರರ ವ್ಯಾಖ್ಯಾನವು ಸರಿಯಾದ ಪಕ್ಷದಲ್ಲಿ, ಅಳಿಸಿದ್ದರೆ ಚಿತ್ರದ ಅರ್ಥವೇ ಅಳಿಯುತ್ತಿದ್ದಿತು. ಎರಡು ಮುಖಗಳನ್ನು ಒಟ್ಟಿಗೆ ನೋಡಿದವರು ಯಾವ ಮಾರ್ಗವು ಲೇಸೆಂಬುದನ್ನು ಬೇರೆ ಮಾತಿಲ್ಲದೆ ತಿಳಿಯಬೇಕೆಂಬುದೇ ಅಲ್ಲಿಯ ಉದ್ದೇಶ. ಕಲೆಯು ಕೆಲವೆಡೆ ಅಕ್ಷರವಾಗಿರುತ್ತದೆ.

1839ರಲ್ಲಿ ಡಗೇರನ ಛಾಯಾಚಿತ್ರವಿಧಾನವು ಪ್ರಕಟವಾದಾಗ ಸೂರ್ಯನೇ ಚಿತ್ರ ಬರೆಯುವುದರಿಂದ ಇನ್ನು ಮುಖಸ್ತುತಿಗೆ ಎಡೆಯಿಲ್ಲವೆಂದು ಜನರು ತಿಳಿದರು. ಆದರೆ ಸೂರ್ಯನು ಬರೆದುದು ಒಂದು ವಿಧವಾದ ಅನ್ಯಾಯವಾಗಿದ್ದಿತು. ಇದನ್ನು ನಮ್ಮವರಲ್ಲಿ ಬಹುಮಂದಿ ಅರಿಯರು. 1851ರಲ್ಲಿ ಆರ್ಚರನು ಕಂಡುಹಿಡಿದ ಕೊಲೋಡಿಯನ್ ಗಾಜಿನ ಫಲಕಗಳಿಗೂ, ಅನಂತರ ಬಂದ ಒಣಫಲಕಗಳಲ್ಲಿ ಮೊದಮೊದಲಿನವುಗಳಿಗೂ ನೀಲಿಯ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿದ್ದಿತು. ಹಳದಿಯೂ ಕೆಂಪೂ ಅವುಗಳ ಪಾಲಿಗೆ ಹೆಚ್ಚುಕಡಿಮೆ ಕತ್ತಲೆಯೇ. ಆಕಾಶವು ಬರಿಯ ಬಿಳುಪಾಗಿಯೂ, ಹಣೆಯ ಕುಂಕುಮವು ಕಪ್ಪಾಗಿಯೂ ಬರುವುದು. ಮುಖಕ್ಕೆ ಅರಿಸಿನ ಹಚ್ಚಿಕೊಂಡು ಹೊಳೆಯುತ್ತ ಬಂದು ಕುಳಿತ ಮುತ್ತೈದೆಯ ಪಟವು ಮಂಕುಕವಿದಂತೆ ಹೊರಬರುವುದು. ಗೋಧಿಬಣ್ಣದ ಮೈಯವನು ಎರಡು ಪಾಲು ಕರಿಯನಾಗುವನು. ಮುಖದ ಮೇಲಿನ ನಸುಗೆಂಪು ಚುಕ್ಕೆಗಳು ಮಸಿ ಚೆಲ್ಲಿದಂತೆ ತೋರುವುವು. ಎಲ್ಲ ಬಣ್ಣಗಳನ್ನೂ ಕಾಣಬಲ್ಲ ಫಲಕಗಳು ಅಂಗಡಿಗೆ ಬಂದುದು 1906ರಲ್ಲಿ. ನಮ್ಮ ಕಡೆಯ ಸ್ಟುಡಿಯೋಗಳಿಗೆ ಬರುವುದು ಇನ್ನೂ ತಡವಾಗಿದ್ದರೆ ಆಶ್ಚರ್ಯವಿಲ್ಲ. ಆದುದರಿಂದ ಆಗ ಹುಟ್ಟಿದ ತಿದ್ದುವ ಕಸಬಿನಲ್ಲಿ ಮುಖಸ್ತುತಿಯ ಭಾಗವಿದ್ದಂತೆಯೇ ನ್ಯಾಯದ ಭಾಗವೂ ಇದ್ದಿತು. ಫಲಕವು ಸುಳ್ಳು ಹೇಳಿದುದನ್ನು ಕೈಯು ಸರಿಪಡಿಸುತ್ತಿದ್ದಿತು.

ಮ್ಯೂನಿಕ್ಕಿನ ಹಾನ್ಫ್‌ಸ್ಟೆಂಗಲ್ ಎಂಬವನು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ತಿದ್ದಿದ ಋಣಚಿತ್ರವನ್ನೂ, ಅದರಿಂದ ತಿದ್ದುವ ಮೊದಲು ಮತ್ತು ತಿದ್ದಿದ ಮೇಲೆ ತೆಗೆದ ಪ್ರತಿಗಳನ್ನೂ ಇಟ್ಟು ನೋಡುಗರನ್ನು ಬೆರಗುಗೊಳಿಸಿದನೆಂದು ಛಾಯಾಚಿತ್ರದ ಇತಿಹಾಸಗಳು ಹೇಳುತ್ತವೆ. ಕ್ರಮವು ಹೀಗೆ: ಗಾಜಿನ ಋಣಚಿತ್ರವನ್ನು ಇಳಿಜಾರಾದ ಮೇಜಿನ ಮೇಲಿಟ್ಟು, ಕೆಳಗಿನಿಂದ ಕನ್ನಡಿಯ ಮೂಲಕ ಬೆಳಕನ್ನು ಹಾಯಿಸಿ, ಮೇಲೆ ವಾರ್ನಿಷು ಬಳಿದು, ಸೂಜಿಯಂತೆ ಹರಿತಮಾಡಿದ ಸೀಸದ ಕಡ್ಡಿಯಿಂದ ಸೂಕ್ಷ್ಮವಾಗಿ ಗೀಚುವುದು. ಋಣಚಿತ್ರದಲ್ಲಿ ಕಪ್ಪು ಬಿಳುಪುಗಳು ಅದಲುಬದಲಾಗಿರುವುವಷ್ಟೆ. ಕಾಗದದ ಮೇಲೆ ಕಪ್ಪಾಗಿ ಬರುವ ಸುಕ್ಕು ಗಾಜಿನಲ್ಲಿ ತೆಳುವಾಗಿರುತ್ತದೆ. ಅಲ್ಲಿ ಸೀಸದ ಪುಡಿ ನಿಂತರೆ ಬೆಳಕು ತಡೆದು ಸುಕ್ಕು ಮಾಯವಾಗುವುದು. ಸೊಂಟವನ್ನೋ ಗಲ್ಲವನ್ನೋ ಕಿರಿದುಮಾಡಬೇಕಾದರೆ ಚೂರಿಯ ಮೊನೆಯಿಂದ ಲೇಪವನ್ನೇ ಕೆರೆಯುತ್ತಿದ್ದರು. ಸೀಸದ ಗೆರೆಯನ್ನು ಒರೆಸಿದರೆ ಮೊದಲಿನ ಮುಖ ಬಂದೀತು. ಕೆರೆದುದು ಮಾತ್ರ ಮತ್ತೆಂದಿಗೂ ಬಾರದು. ಪ್ರತಿಯ ಮೇಲೆ ನೀರುಬಣ್ಣಗಳನ್ನು ಹಚ್ಚುವ ಕೆಲಸದಲ್ಲಿ ನಮ್ಮ ದೇಶದ ಸಾಂಪ್ರದಾಯಿಕ ಚಿತ್ರಕಾರರು ಬಹು ನಿಪುಣರೆನಿಸಿಕೊಂಡರು. ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ದಸರಾ ಮೆರವಣಿಗೆಯನ್ನು ಬರೆದ ಆಸ್ಥಾನಚಿತ್ರಕಾರರೂ ಛಾಯಾಚಿತ್ರಗಳನ್ನು ಆಧಾರವಾಗಿ ಇಟ್ಟುಕೊಂಡೇ ಅಲ್ಲಿಯ ಮುಖಗಳನ್ನು ಬರೆದರು.

ನಮ್ಮ ಪ್ರಾಂತದಲ್ಲಿ ಈ ಕೆಲಸಕ್ಕೆ ‘ಟಚಿಂಗ್’ ಎಂದು ಹೆಸರು. ಬದುಕಿದ್ದಾಗ ಒಮ್ಮೆಯೂ ಪಟ ತೆಗೆಯಿಸಿಕೊಳ್ಳದವರು ಅಂದು ಬಹುಮಂದಿ. ಹಿರಿಯರು ಕಾಲವಾದ ಮೇಲೆ ಅವಸರದಿಂದ ಫೋಟೋದವರನ್ನು ಕರೆಯಿಸಿ, ಗೋಡೆಗೆ ಒರಗಿಸಿ ಚಿತ್ರ ತೆಗೆಯಿಸುತ್ತಿದ್ದರು; ಮುಚ್ಚಿದ ಕಣ್ಣುಗಳನ್ನು ತೆರೆದಂತೆ ಬರೆಯುವುದು ಟಚಿಂಗಿನವನ ಹೊಣೆ. ಮಲಗಿದವನನ್ನೂ ಮಡಿದವನನ್ನೂ ಬೇರೆಬೇರೆಯಾಗಿ ತೋರಿಸಬಲ್ಲವನೇ ಚಿತ್ರಜ್ಞನೆಂದು ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿದೆ. ಇವನು ಆ ಭೇದವನ್ನು ಅಳಿಸುವುದರಲ್ಲಿ ಪ್ರವೀಣನಾಗಬೇಕಾಗಿದ್ದಿತು. ಇದನ್ನು ನಾನು ನಿಂದಿಸಲಾರೆ. ತಾಯಿಯ ಕಣ್ಣು ತೆರೆದಿರುವುದನ್ನು ನೋಡಬೇಕೆಂಬ ಮಕ್ಕಳ ಆಸೆಯಲ್ಲಿ ವಂಚನೆಯಿಲ್ಲ. ಮನೆಯವರೆಲ್ಲರಿಗೂ ಸಂಗತಿ ತಿಳಿದೇ ಇರುತ್ತಿದ್ದಿತು.

ಇನ್ನು ಗಣಕಯಂತ್ರದ ಮಾತು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಥಾಮಸ್ ನಾಲ್ ಎಂಬವರು 1987ರಲ್ಲಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುವ ಒಂದು ಸಣ್ಣ ತಂತ್ರಾಂಶವನ್ನು ಬರೆದರು. ಚಲನಚಿತ್ರಗಳ ಕೆಲಸದಲ್ಲಿದ್ದ ಅವರ ಸಹೋದರ ಜಾನ್ ನಾಲ್ ಅದನ್ನು ಕಂಡು ಬೆಳೆಸಲು ಪ್ರೇರೇಪಿಸಿದರು. ಅಡೋಬಿ ಎಂಬ ಸಂಸ್ಥೆಯು 1990ರ ಫೆಬ್ರವರಿಯಲ್ಲಿ ಅದನ್ನು ಫೋಟೋಶಾಪ್ ಎಂಬ ಹೆಸರಿನಿಂದ ಹೊರತಂದಿತು. ಈ ಸಹೋದರರ ತಂದೆಯು ಮನೆಯ ನೆಲಮಾಳಿಗೆಯಲ್ಲಿ ಕತ್ತಲೆಕೋಣೆಯನ್ನಿಟ್ಟುಕೊಂಡಿದ್ದರು. ಮಗನು ಬಾಲ್ಯದಲ್ಲಿ ಅಲ್ಲಿಯೇ ಚಿತ್ರಗಳನ್ನು ತೊಳೆಯುವುದನ್ನು ಕಲಿತವನು. ಕತ್ತಲೆಕೋಣೆಯಲ್ಲಿ ಕೈ ಅಡ್ಡಹಿಡಿದು ಒಂದು ಭಾಗವನ್ನು ತಿಳಿಗೊಳಿಸುವುದಕ್ಕೆ ‘ಡಾಡ್ಜ್’ ಎಂದೂ, ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸುವುದಕ್ಕೆ ‘ಬರ್ನ್’ ಎಂದೂ ಇದ್ದ ಹೆಸರುಗಳೇ ಇಂದಿಗೂ ಆ ತಂತ್ರಾಂಶದ ಉಪಕರಣಗಳಿಗೆ ನಿಂತಿರುವುದು ಸೋಜಿಗವಲ್ಲ. ಹಣ ಕೊಟ್ಟು ಕೊಳ್ಳಲಾರದವರಿಗೆ, ಬರ್ಕಲಿಯ ಇಬ್ಬರು ವಿದ್ಯಾರ್ಥಿಗಳು 1996ರಲ್ಲಿ ಹೊರತಂದ ‘ಗಿಂಪ್’ ಎಂಬ ಉಚಿತ ತಂತ್ರಾಂಶವಿದೆ. ನಾನು ನಿವೃತ್ತನಾದ ಮೇಲೆ ತಮ್ಮನ ಮೊಮ್ಮಗಳನ್ನು ಗುರುವಾಗಿಟ್ಟುಕೊಂಡು ಕಲಿತದ್ದು ಅದರಲ್ಲಿಯೇ. ಸಿದ್ಧಾಂತಕೌಮುದಿಯನ್ನು ಕಲಿಯುವ ಕ್ರಮವೇ ಇಲ್ಲಿಯೂ ಸಾಗಿತು: ಮೊದಲು ಸಂಜ್ಞೆಗಳು, ಆಮೇಲೆ ಪರಿಭಾಷೆ, ಪ್ರಯೋಗವು ಬಹಳ ಹಿಂದೆ.

ಕಲಿಯುವವರು ಮುಖ್ಯವಾಗಿ ತಿಳಿಯಬೇಕಾದುವು ಎರಡು. ಒಂದನೆಯದು, ಫೋಟೋಶಾಪಿನಲ್ಲಿ 1994ರಲ್ಲಿ ಸೇರಿದ ‘ಲೇಯರ್’ ಅಥವಾ ಪದರಗಳು. ಮೂಲಚಿತ್ರದ ಮೇಲೆ ಅಭ್ರಕದ ಹಾಳೆಯನ್ನಿಟ್ಟು ಆ ಹಾಳೆಯ ಮೇಲೆ ಮಾತ್ರ ಬರೆದಂತೆ. ಹಾಳೆಯನ್ನೆತ್ತಿದರೆ ಮೂಲವು ಹಾಗೆಯೇ ಇರುವುದು. ಗಾಜನ್ನು ಚೂರಿಯಿಂದ ಕೆರೆದವರಿಗೆ ಇಲ್ಲದಿದ್ದ ಸೌಭಾಗ್ಯವಿದು. ಎರಡನೆಯದು, 2002ರಲ್ಲಿ ಬಂದ ‘ಹೀಲಿಂಗ್ ಬ್ರಷ್’. ಹಿಂದಿನ ‘ಕ್ಲೋನ್’ ಉಪಕರಣವು ಒಂದೆಡೆಯ ಚರ್ಮವನ್ನು ಇದ್ದಂತೆ ಎತ್ತಿ ಇನ್ನೊಂದೆಡೆ ಅಂಟಿಸುತ್ತಿದ್ದಿತು. ಇದಾದರೋ ಹರಿದ ಪಂಚೆಗೆ ಅದೇ ಪಂಚೆಯ ಅಂಚಿನಿಂದ ನೂಲೆಳೆದು ರಫು ಮಾಡಿದಂತೆ, ನೇಯ್ಗೆಯನ್ನು ಒಂದೆಡೆಯಿಂದ ತಂದು, ಬಣ್ಣವನ್ನೂ ಬೆಳಕನ್ನೂ ಸೇರಬೇಕಾದ ಸ್ಥಳಕ್ಕೆ ಹೊಂದಿಸಿಕೊಳ್ಳುತ್ತದೆ. ಬೂಜು, ಗೀರು, ಗೆದ್ದಲಿನ ತೂತುಗಳಿಗೆ ಇದು ಸಿದ್ಧೌಷಧ. ಮೊದಲು ಚಿತ್ರದ ಕಪ್ಪು ಬಿಳುಪುಗಳ ತೂಕವನ್ನು ಸರಿಪಡಿಸಿ, ಅನಂತರ ಧೂಳನ್ನೂ ಗೀರುಗಳನ್ನೂ ತೆಗೆದು, ಮುಖದ ಬಳಿಗೆ ಕಟ್ಟಕಡೆಯಲ್ಲಿ ಬರುವುದು ಕ್ರಮ. ಬಹುಸಂದರ್ಭಗಳಲ್ಲಿ ಅಷ್ಟರೊಳಗೆ ಮುಖವು ತಾನೇ ತಿಳಿಯಾಗಿ, ಮುಟ್ಟುವ ಅಗತ್ಯವೇ ಉಳಿಯುವುದಿಲ್ಲ.

ಉಳಿದಾಗ ಏನು ಮಾಡಬೇಕು? ಜ್ವರದ ಬೊಕ್ಕೆ, ಮೊಡವೆ, ಹಿಂದಿನ ರಾತ್ರಿಯ ನಿದ್ರಾಭಂಗದಿಂದ ಕಣ್ಣಿನ ಕೆಳಗೆ ಬಂದ ಕಪ್ಪು, ಇವು ಆ ದಿನದವು. ತೆಗೆದರೆ ಯಾರಿಗೂ ನಷ್ಟವಿಲ್ಲ. ಮಚ್ಚೆ, ಸುಕ್ಕು, ಓರೆಗಣ್ಣು, ಮಾಯದ ಗಾಯದ ಗೆರೆ, ಇವು ಆ ವ್ಯಕ್ತಿಯವು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಒಂದು ಆಗಂತುಕ, ಇನ್ನೊಂದು ಲಕ್ಷಣ. ಬಣ್ಣವನ್ನು ಬಿಳುಪಾಗಿಸಿಕೊಡಿರೆಂದು ಕೇಳುವವರು ಬಹುಮಂದಿ. ಇದರಲ್ಲಿ ನಮ್ಮವರ ದೌರ್ಬಲ್ಯದ ಜೊತೆಗೆ ಯಂತ್ರದ ಪಕ್ಷಪಾತವೂ ಸೇರಿದೆ. ವರ್ಣಚಿತ್ರದ ಫಿಲಮುಗಳ ಕಾಲದಲ್ಲಿ ಕೊಡಾಕ್ ಸಂಸ್ಥೆಯು ಬಣ್ಣಗಳನ್ನು ಹೊಂದಿಸಲು ‘ಶರ್ಲಿ’ ಎಂದು ಕರೆಯಲಾದ ಬಿಳಿಯ ಹೆಂಗಸಿನ ಚಿತ್ರವನ್ನೇ ಅಳತೆಗೋಲಾಗಿ ಕಳುಹಿಸುತ್ತಿದ್ದಿತು. ಹಲವು ಮೈಬಣ್ಣಗಳ ಅಳತೆಗೋಲು ಬಂದುದು 1990ರ ದಶಕದಲ್ಲಿ. 2017ರಲ್ಲಿ ಫೇಸ್‌ಆ್ಯಪ್ ಎಂಬುದು ಚೆಲುವನ್ನು ಹೆಚ್ಚಿಸುವೆನೆಂದು ಹೇಳಿ ಕಪ್ಪು ಮುಖಗಳನ್ನು ಬಿಳುಪಾಗಿಸಿ, ಅದರ ಒಡೆಯರು ಕ್ಷಮೆ ಕೇಳಬೇಕಾಯಿತು. ಗಾಜಿನ ಫಲಕವು ನಮ್ಮನ್ನು ಇಲ್ಲದಷ್ಟು ಕರಿಯರನ್ನಾಗಿ ಮಾಡಿದರೆ ಇವು ಇಲ್ಲದಷ್ಟು ಬಿಳಿಯರನ್ನಾಗಿ ಮಾಡುತ್ತಿವೆ.

ಇತ್ತೀಚಿನ ಯಂತ್ರಬುದ್ಧಿಯ ಉಪಕರಣಗಳದು ಬೇರೊಂದೇ ಬಗೆ. ಫೋಟೋಶಾಪಿಗೆ ‘ನ್ಯೂರಲ್ ಫಿಲ್ಟರ್’ಗಳು 2020ರಲ್ಲಿಯೂ, ಬೇಕಾದುದನ್ನು ಹೊಸದಾಗಿ ಹುಟ್ಟಿಸಿ ತುಂಬುವ ಶಕ್ತಿಯು 2023ರಲ್ಲಿಯೂ ಸೇರಿದುವು. ಇವು ನೂಲೆಳೆದು ರಫು ಮಾಡುವುವಲ್ಲ. ತಾವು ನೋಡಿ ಕಲಿತ ಅಸಂಖ್ಯಾತ ಮುಖಗಳಿಂದ, ಇಲ್ಲಿ ಕಣ್ಣು ಹೀಗಿದ್ದಿರಬೇಕೆಂದು ಊಹಿಸಿ ಹೊಸ ಕಣ್ಣನ್ನೇ ಬರೆಯುತ್ತವೆ. ಊಹೆಯು ಸುಂದರವಾಗಿರುವುದೇ ಅಪಾಯ.

ನಮ್ಮ ನೆರೆಯ ಗ್ರಾಮವೊಂದರ ಕುಟುಂಬದಲ್ಲಿ ನಡೆದ ಸಂಗತಿಯನ್ನು ಹೇಳುವೆನು. ಅವರ ತಾಯಿಯು ಎಳೆವಯಸ್ಸಿನಲ್ಲಿ ಸಿಡುಬಿನಿಂದ ಬದುಕುಳಿದವರು. ಒಡಹುಟ್ಟಿದವರಿಬ್ಬರು ಅದೇ ವರ್ಷ ತೀರಿಕೊಂಡರು. ಭಾರತವು ಸಿಡುಬಿನಿಂದ ಮುಕ್ತವೆಂದು 1977ರಲ್ಲಿ ಘೋಷಿತವಾದಾಗ ಆ ತಾಯಿಗೆ ನಡುವಯಸ್ಸು ದಾಟಿದ್ದಿತು. ಅವರ ಪಟವಿದ್ದುದು ಒಂದೇ ಒಂದು, ಅಂಗೈಯಗಲದ್ದು, ನೀರಿನಲ್ಲಿ ನೆನೆದು ಅರ್ಧ ಕೆಟ್ಟದ್ದು. ಗಂಡುಮಕ್ಕಳು ಅದನ್ನು ಪಟ್ಟಣದ ಅಂಗಡಿಯೊಂದಕ್ಕೆ ಕೊಟ್ಟು ದೊಡ್ಡದಾಗಿ ಮಾಡಿಸಿ ತಂದರು. ಕೆನ್ನೆಯು ಬೆಣ್ಣೆಯಂತಾಗಿದ್ದಿತು, ಹುಬ್ಬು ತೀಡಿದಂತಿದ್ದಿತು, ಕಣ್ಣುಗಳು ಫಳಫಳನೆ ಹೊಳೆಯುತ್ತಿದ್ದುವು. ತವರಿಗೆ ಬಂದ ಹಿರಿಯ ಮಗಳು ಅದನ್ನು ನೋಡಿ ನನ್ನ ಕಡೆಗೆ ತಿರುಗಿ, “ಮೇಷ್ಟ್ರೇ, ಇವರು ಯಾರು?” ಎಂದು ಕೇಳಿದರು. ತಮ್ಮಂದಿರು, “ಅಕ್ಕಯ್ಯ, ಆ ಕಲೆಗಳನ್ನು ಗೋಡೆಯ ಮೇಲೆ ಯಾಕೆ ಇಡಬೇಕು?” ಎಂದರು. “ಆ ಕಲೆ ಇದ್ದದ್ದರಿಂದಲೇ ಅಮ್ಮ ನಮ್ಮನ್ನೆಲ್ಲಾ ಎಳೆದುಕೊಂಡು ಹೋಗಿ ದಾಕು ಹಾಕಿಸಿದ್ದು. ನಿನ್ನ ತೋಳು ನೋಡಿಕೋ” ಎಂದರು ಆಕೆ. ತಮ್ಮನು ತೋಳನ್ನು ನೋಡಿಕೊಳ್ಳಲಿಲ್ಲ. ಆದರೆ ಮಾತನ್ನೂ ಬೆಳೆಸಲಿಲ್ಲ.

ಅದೃಷ್ಟವಶಾತ್ ಅಂಗಡಿಯವರು ಮೂಲಪ್ರತಿಯನ್ನು ಹಿಂದಕ್ಕೆ ಕೊಟ್ಟಿದ್ದರು. ಅದನ್ನು ಸ್ಕ್ಯಾನರಿನಲ್ಲಿ ಅಂಗುಲಕ್ಕೆ 1200 ಬಿಂದುಗಳ ಪ್ರಮಾಣದಲ್ಲಿ ತೆಗೆದು, ಆ ಕಡತವನ್ನು ಮುಟ್ಟದೆ ಬೇರೆಯಾಗಿಟ್ಟು, ಅದರ ನಕಲಿನ ಮೇಲೆ ಹದಿನೇಳು ದಿನ ಕೆಲಸ ಮಾಡಿದೆವು. ನೀರಿನ ಕಲೆ ಯಾವುದು, ಸಿಡುಬಿನ ಕಲೆ ಯಾವುದು ಎಂಬುದನ್ನು ಬಿಡಿಸುವುದೇ ದೊಡ್ಡ ಶ್ರಮವಾಯಿತು. ಹಿರಿಯ ಮಗಳು ಪಕ್ಕದಲ್ಲಿ ಕುಳಿತು, ಬಲಗೆನ್ನೆಯಲ್ಲಿ ಮೂರು, ಮೂಗಿನ ತುದಿಯಲ್ಲಿ ಒಂದು ಎಂದು ಬೆರಳಿಟ್ಟು ತೋರಿಸಿದರು. ಎಡಗಣ್ಣಿನ ರೆಪ್ಪೆಯ ಬಳಿ ಚಿತ್ರವು ಪೂರ್ತಿಯಾಗಿ ಕಿತ್ತುಹೋಗಿದ್ದಿತು. ಅಲ್ಲಿ ಹೊಸದಾಗಿ ಬರೆಯದೆ ಮಸುಕಾಗಿಯೇ ಬಿಡುವುದೆಂದು ನಿಶ್ಚಯಿಸಿದೆವು. ಈಗ ಆ ಮನೆಯ ನಡುಮನೆಯಲ್ಲಿ ಈ ಪಟವೂ, ತಮ್ಮಂದಿರ ಕೋಣೆಯಲ್ಲಿ ಅಂಗಡಿಯ ಪಟವೂ ಇವೆ. ನಮ್ಮ ಪಟದ ಕೆಳಗೆ ಪೀಠದ ಮೇಲೆ ಕೆತ್ತುವಂತೆ ತಾಯಿಯ ಹೆಸರನ್ನೂ, ಹುಟ್ಟಿದ ಊರನ್ನೂ, ಪಟ ತೆಗೆಯಿಸಿದ ವರ್ಷವನ್ನೂ ಬರೆಯಬೇಕೆಂದು ಮಗಳ ಅಪೇಕ್ಷೆ. ಹೆಸರನ್ನೂ ಊರನ್ನೂ ಬರೆದದ್ದಾಗಿದೆ. ವರ್ಷವನ್ನು ಅವರ ಸೋದರತ್ತೆಯವರನ್ನು ವಿಚಾರಿಸಿ ತಿಳಿದುಕೊಳ್ಳಬೇಕಾಗಿದೆ.